ಬಂಡಿಯ ಕಡೆಗೀಲು – ವಚನ ಚಿಂತನೆ



ಆದ್ಯ ವಚನಕಾರರೆಂದು ಪ್ರಸಿದ್ಧರಾದ ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ಆದರೂ ರಾಮನಾಥನ ಅಂಕಿತದಲ್ಲಿರುವ ಅವರ ಒಂದು ವಚನದಲ್ಲಿ ಮಗ್ಗದ ಮಾತಿಲ್ಲ, ಬಂಡಿಯ ಮಾತಿದೆ. ಗಾಲಿಯು ಅಚ್ಚಿನಿಂದ ಕಳಚಿಕೊಳ್ಳದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಚಿಕ್ಕ ಗೂಟವೇ ಕಡೆಗೀಲು. ಅಹಂಕಾರ ತುಂಬಿದ ದೇಹವೆಂಬ ಬಂಡಿಗೆ ಶಿವಶರಣರ ನುಡಿಗಳೇ ಅಂತಹ ಕೀಲು ಎಂಬುದು ಆ ವಚನದ ತಾತ್ಪರ್ಯ. ಸತ್ಸಂಗದ ಮಹಿಮೆಯನ್ನು ಹೇಳುವಾಗ ಪ್ರವಚನಕಾರರು ಇದನ್ನು ಉದಾಹರಿಸುವುದುಂಟು. ಆದರೆ ಭಾರ ಸಾಗಿಸುವ ಕಾಯಕದವರ ಕಿವಿಗೆ ಅದರಲ್ಲಿ ಇನ್ನೊಂದು ಎಚ್ಚರಿಕೆಯೂ ಕೇಳಿಸೀತು. ಬಂಡಿ ಖಾಲಿಯಿದ್ದಾಗ ಕೀಲಿನ ಚಿಂತೆ ಯಾರಿಗೂ ಬರುವುದಿಲ್ಲ. ಹೇರು ಏರಿದ ಮೇಲೆಯೇ ಅದರ ಬೆಲೆ ತಿಳಿಯುವುದು.

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಇಂದು ಎತ್ತಿನ ಬಂಡಿಯ ಸ್ಥಾನದಲ್ಲಿ ಟ್ರೇಲರುಗಳಿವೆ. ಕೋಲಾರದ ಕಡೆಯಿಂದ ಹಳೆಯ ಮದರಾಸು ರಸ್ತೆಯಲ್ಲಿ ಬರುವ ಕಲ್ಲಿನ ದಿಮ್ಮಿಗಳು, ವೈಟ್‌ಫೀಲ್ಡಿನ ಕಂಟೇನರ್ ಡಿಪೊಗೆ ಹೋಗಿಬರುವ ಪೆಟ್ಟಿಗೆಗಳು, ಇವುಗಳಲ್ಲಿ ಎಷ್ಟೋ ಕೃಷ್ಣರಾಜಪುರವನ್ನು ಹಾದೇ ಸಾಗಬೇಕು. 2003ರಲ್ಲಿ ಅಲ್ಲಿ ತೂಗುಸೇತುವೆ ಸಿದ್ಧವಾದ ಮೇಲೂ ಆ ಕೂಡುದಾರಿಯ ದಟ್ಟಣೆ ತೀರಲಿಲ್ಲ. ಶಾಲೆಯ ಮಕ್ಕಳು, ಸಂತೆಗೆ ಬಂದವರು, ದ್ವಿಚಕ್ರ ವಾಹನದವರು ಎಲ್ಲರೂ ಆ ಭಾರದ ಪಕ್ಕದಲ್ಲಿಯೇ ನಡೆಯುತ್ತಾರೆ.

ಆ ಭಾಗದ ಭಕ್ತರೊಬ್ಬರು ಗ್ರಾನೈಟ್ ದಿಮ್ಮಿಗಳನ್ನು ಜಿಗಣಿಯ ಕಾರ್ಖಾನೆಗಳಿಗೆ ಸಾಗಿಸುವ ಕಾಯಕಕ್ಕಾಗಿ ಟ್ರೇಲರೊಂದನ್ನು ಕೊಳ್ಳಬೇಕಾಯಿತು. ಎಳೆಯುವ ವಾಹನ ಅವರಲ್ಲಿ ಮೊದಲೇ ಇತ್ತು. ಆಯ್ಕೆಗೆ ಎರಡಿದ್ದವು. ಒಂದು, ಎರಡು ಅಚ್ಚುಗಳ ಹಳೆಯ ಟ್ರೇಲರು. ತೊಲೆಗಳು ದಪ್ಪ, ಬೆಲೆ ಅಗ್ಗ. ಇನ್ನೊಂದು ಮೂರು ಅಚ್ಚುಗಳ ಹೊಸದು, ಸಾಲ ಮಾಡದೆ ಕೊಳ್ಳಲಾಗದ್ದು. ಹಳೆಯದರ ಕಿಂಗ್‌ಪಿನ್ ಸವೆದಿತ್ತು. ಶಿವಾಜಿನಗರದ ಗುಜರಿಯಲ್ಲಿ ಅಂಥದೊಂದು ಸಿಗುತ್ತದೆ, ಹಾಕಿಸಿಕೊಂಡರಾಯಿತು ಎಂದು ಮಾರುವವರು ಹೇಳಿದರು.

ಇಲ್ಲಿ ಕಿಂಗ್‌ಪಿನ್ ಎಂದರೇನೆಂದು ತಿಳಿಸುವುದು ಒಳಿತು. ಟ್ರೇಲರಿನ ಮುಂಭಾಗದ ಅಡಿಯಲ್ಲಿ ಕೆಳಮುಖವಾಗಿ ಚಾಚಿಕೊಂಡಿರುವ ಉಕ್ಕಿನ ಗೂಟವದು. ಎಳೆಯುವ ವಾಹನದ ಬೆನ್ನಿನ ಮೇಲಿರುವ ತಟ್ಟೆಯ ಕೊಂಡಿಯೊಳಗೆ ಅದು ಸೇರಿ ಬೀಗ ಬೀಳುತ್ತದೆ. ಸಾಮಾನ್ಯವಾಗಿ ಅದರ ದಪ್ಪ 2 ಅಂಗುಲ, ಬಹಳ ಭಾರದವಕ್ಕೆ 3.5 ಅಂಗುಲ. ನಲವತ್ತು ಅಡಿಯ ಟ್ರೇಲರು, ಅದರ ಮೇಲಿನ ಕಲ್ಲು, ಇಷ್ಟನ್ನೂ ಎಳೆಯುವಾಗ, ನಿಲ್ಲಿಸುವಾಗ, ತಿರುಗಿಸುವಾಗ ಹಿಡಿದಿರುವುದು ಮುಷ್ಟಿಯೊಳಗೆ ಅಡಗುವ ಆ ಗೂಟವೇ. ದಾಸಿಮಯ್ಯನವರ ಕೀಲು ಗಾಲಿಯನ್ನು ಹಿಡಿದರೆ ಇದು ಬಂಡಿಯನ್ನೇ ಹಿಡಿಯುತ್ತದೆ. ಟ್ರೇಲರು ನೋಡಲು ಹೋದವರು ತೊಲೆಯನ್ನು ತಟ್ಟಿ ನೋಡುತ್ತಾರೆ, ಬಣ್ಣವನ್ನು ನೋಡುತ್ತಾರೆ. ಅಡಿಯಲ್ಲಿ ಬಗ್ಗಿ ಪಿನ್ನಿನ ಸವೆತವನ್ನಾಗಲಿ, ಬ್ರೇಕನ್ನಾಗಲಿ ನೋಡುವವರು ವಿರಳ.

ಇನ್ನು ಅಳತೆಯ ವಿಚಾರ. ಗ್ರಾನೈಟ್ ಕಲ್ಲು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ದಿಮ್ಮಿಯೊಂದು 18 ಟನ್ ದಾಟುತ್ತದೆ. ಎರಡು ದಿಮ್ಮಿಗಳಿಗೆ 36 ಟನ್ನಿಗೂ ಮೇಲೆ. ಅವರ ವಾಹನ, ಟ್ರೇಲರುಗಳ ಸ್ವಂತ ತೂಕ 15 ಟನ್ನಿನಷ್ಟು ಸೇರಿದರೆ 51 ದಾಟಿತು. ಕೇಂದ್ರ ಸರ್ಕಾರವು 2018ರ ಜುಲೈಯಲ್ಲಿ ಮಿತಿಗಳನ್ನು ಏರಿಸಿದ ಮೇಲೆ ಎಳೆಯುವ ವಾಹನದ ಮುಂದಿನ ಅಚ್ಚಿಗೆ 7 ಟನ್, ಜೋಡಿ ಅಚ್ಚಿಗೆ 21 ಟನ್ ಎಂದಾಯಿತು. ಆ ಲೆಕ್ಕದಲ್ಲಿ ಎರಡು ಅಚ್ಚಿನ ಟ್ರೇಲರಿಗೆ ಒಟ್ಟು 49 ಟನ್ ಮಾತ್ರ. ಎರಡು ದಿಮ್ಮಿಯೂ ಅದಕ್ಕೆ ಹೆಚ್ಚೇ. ಮೂರು ಅಚ್ಚಿನದಕ್ಕೆ 55 ಟನ್ ಗರಿಷ್ಠ ಮಿತಿಯೊಳಗೆ ಎರಡು ದಿಮ್ಮಿ ಕೂರುತ್ತವೆ. ಆದರೆ ನಲವತ್ತು ಅಡಿಯ ಹಾಸಿನ ಮೇಲೆ ಮೂರನೆಯ ದಿಮ್ಮಿಗೂ ಜಾಗವಿದೆ. ಸಂಕಟವಿರುವುದು ಇಲ್ಲಿಯೇ.

ಅವರ ಮನಸ್ಸು ಆ ಮೂರನೆಯ ದಿಮ್ಮಿಯ ಬಾಡಿಗೆಯಲ್ಲಿಯೇ ನಿಂತಿತ್ತು. ಸಾಲದ ಕಂತು ಅದರಿಂದಲೇ ತೀರುವುದೆಂಬ ಲೆಕ್ಕ. ಅಕ್ಕನ ಬಳಗಕ್ಕೆ ಹೋಗಿಬರುವ ಅವರ ಮಡದಿಯೇ ಆಗ ಆಯ್ದಕ್ಕಿ ಲಕ್ಕಮ್ಮನವರನ್ನು ನೆನಪಿಸಿದ್ದು. ಮಾರಯ್ಯನವರು ಕಲ್ಯಾಣದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸದೆ, ತಂದಲ್ಲಿಗೇ ಸುರಿದು ಬರುವಂತೆ ಹೇಳಿದರು. ಕದ್ದ ಅಕ್ಕಿಯಲ್ಲ, ಆಯ್ದ ಅಕ್ಕಿಯೇ. ಆದರೂ ಅಳತೆ ಮೀರಿದ್ದು. “ಆ ಮೂರನೆಯ ಕಲ್ಲು ಅದೇ ಅಕ್ಕಿಯಲ್ಲವೇ?” ಎಂದು ಆಕೆ ಕೇಳಿದರಂತೆ. ಅವರ ಚಾಲಕನ ಮಾತು ಇನ್ನೂ ನೇರ. ಮೂರು ದಿಮ್ಮಿ ಹೇರಿದರೆ ಸೇತುವೆಯ ಇಳಿಜಾರಿನಲ್ಲಿ ನಿಲ್ಲಿಸುವ ಭರವಸೆ ತನಗಿಲ್ಲ ಎಂದನು.

ಹೆಚ್ಚಿನ ಹೇರು ಹೇರಿದವನ ಗಾಡಿಯೊಂದನ್ನೇ ಕೆಡಿಸುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಂಡುಕೊಂಡಂತೆ, ಅಚ್ಚಿನ ಭಾರ ಐದರಲ್ಲೊಂದು ಪಾಲು ಹೆಚ್ಚಿದರೆ ರಸ್ತೆಯ ಸವೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ರಸ್ತೆಯೂ ಸಮಾಜದ ಸೊತ್ತೇ. ಅದನ್ನು ಸವೆಸಿ ಗಳಿಸಿದ ಹಣದಲ್ಲಿ ದಾಸೋಹ ಮಾಡುವುದು ಶರಣರಿಗೆ ಒಪ್ಪಿಗೆಯಾಗುತ್ತಿತ್ತೇ?

ಭಾರವನ್ನು ಹಂಚಬೇಕೆಂಬುದಕ್ಕೆ ಇಂದಿರಾನಗರದ ದಕ್ಷಿಣಕ್ಕಿರುವ ಈಜಿಪುರದವರು ಕಂಡ ನಿದರ್ಶನವೊಂದಿದೆ. ಅಲ್ಲಿನ ಕೋದಂಡರಾಮಸ್ವಾಮಿ ದೇವಾಲಯಕ್ಕಾಗಿ ತಮಿಳುನಾಡಿನಿಂದ ಮುನ್ನೂರು ಟನ್ ಮೀರಿದ ಏಕಶಿಲೆಯನ್ನು 240 ಚಕ್ರಗಳ ಟ್ರೇಲರಿನಲ್ಲಿ ತಂದರು. 2018ರ ಕೊನೆಯಲ್ಲಿ ಹೊರಟದ್ದು ತಲುಪಿದ್ದು 2019ರಲ್ಲಿ, ತಿಂಗಳುಗಟ್ಟಲೆ ಕಳೆದ ಮೇಲೆ. ಅಷ್ಟು ದೊಡ್ಡ ಕಲ್ಲಾದರೂ ಒಂದೊಂದು ಚಕ್ರದ ಪಾಲಿಗೆ ಬಂದ ಕಲ್ಲಿನ ಭಾರ ಒಂದೂವರೆ ಟನ್ನಿನ ಆಸುಪಾಸು. ಹಾಗಿದ್ದೂ ದಾರಿಯಲ್ಲಿ ಟೈರುಗಳು ಒಡೆದವು.

ಆ ಭಕ್ತರು ಸಾಲ ಮಾಡಿ ಮೂರು ಅಚ್ಚಿನದನ್ನೇ ಕೊಂಡರು. ಎರಡೇ ದಿಮ್ಮಿ ಹೇರುತ್ತಾರೆ. ಮೂರು ಹೇರುವವರು ಅದೇ ದಾರಿಯಲ್ಲಿ ಅವರನ್ನು ಹಿಂದೆ ಹಾಕಿ ಹೋಗುತ್ತಾರೆ. ಕೆಲವು ಗಿರಾಕಿಗಳೂ ಅವರ ಹಿಂದೆಯೇ ಹೋದರು. ಕಂತು ತೀರುವುದು ನಿಧಾನ. ಸೋಮವಾರ ಲಿಂಗಪೂಜೆ ಮುಗಿಸಿದ ಮೇಲೆ ಅವರು ಚಾಲಕನೊಡನೆ ಟ್ರೇಲರಿನ ಅಡಿಗೆ ಬಗ್ಗಿ, ಪಿನ್ನಿನ ಮೇಲಿನ ಹಳೆಯ ಗ್ರೀಸನ್ನು ಒರೆಸಿ, ಸವೆತವನ್ನು ಅಳೆದು ನೋಡುತ್ತಾರೆ.