ಮುಂದೆ ಬಿಚ್ಚುವವರಿಗಾಗಿ

ಜೂನ್ 24, ಹಾಸನ

ಮಳೆಗಾಲದ ಕೆಲಸಕ್ಕೆ ಬೇಕಾದ ಸ್ಟೇನ್‌ಲೆಸ್ ಸ್ಟೀಲ್ (ಎಸ್.ಎಸ್.) ನಟ್ಟು ಬೋಲ್ಟು ಇವತ್ತು ತಂದೆ. ಅಂಗಡಿಯ ಹುಡುಗ ಅಯಸ್ಕಾಂತ ಮುಟ್ಟಿಸಿ, "ಅಂಟಲ್ಲ ನೋಡಿ ಅಣ್ಣ, ಒರಿಜಿನಲ್ ಎಸ್.ಎಸ್." ಅಂದ. ಅಯಸ್ಕಾಂತದ ಸಾಕ್ಷಿ ಸಾಲದು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ 202 ದರ್ಜೆಗೂ ಅದು ಅಂಟುವುದಿಲ್ಲ. ಕಾಯಿಸದೆ ಒತ್ತಿ ತಲೆ ಮಾಡಿದ ಅಪ್ಪಟ 304 ಬೋಲ್ಟಿಗೆ ಕೊಂಚ ಅಂಟುವುದುಂಟು. ನಾನು ತಲೆಯ ಮೇಲಿನ ಅಚ್ಚು ಓದಿಯೇ ಕೊಳ್ಳುವುದು. ಎ2 ಅಂದರೆ 304ರ ಜಾತಿ, ಎ4 ಅಂದರೆ 316ರದು. ಪಕ್ಕದ 70, ಚದರ ಮಿಲಿಮೀಟರಿಗೆ 700 ನ್ಯೂಟನ್ ಎಳೆತದ ಬಲ. ಗಿರಣಿ ಮೋಟಾರಿಗೆ ಹೇಳಿದ್ದ 8.8 ಬೋಲ್ಟಿನ ಬಲ 800. ಅಲ್ಲಿಗೆ ಎ2-70 ಹಾಕಲಿಲ್ಲ. ಹೊಳಪು ಬಲದ ಗುರುತಲ್ಲ.

ಜುಲೈ 6, ಹೊಳೆನರಸೀಪುರ

ಹೇಮಾವತಿ ಕೆಂಪಾಗಿ ತುಂಬಿ ಹರಿಯುತ್ತಿದ್ದಾಳೆ. ಪಂಪ್‌ಹೌಸಿನ ಪೈಪ್ ಜೋಡಣೆಯಲ್ಲಿ 304 ಬೋಲ್ಟುಗಳ ಮೇಲೆಲ್ಲ ಕಂದು ಕಲೆ, ವಾಷರ್ ಅಡಿಯಲ್ಲಿ ಸಣ್ಣ ಗುಳಿ. "ತುಕ್ಕು ಹಿಡಿಯಲ್ಲ ಅಂತ ತಾನೇ ಇದನ್ನ ಹಾಕ್ಸಿದ್ದು ಸ್ವಾಮಿ?" ಎಂದರು ಅಲ್ಲಿನ ಹಿರಿಯರು. ಬ್ಲೀಚಿಂಗ್ ಪುಡಿಯ ಚೀಲ ಪಕ್ಕದಲ್ಲೇ ಬಾಯಿ ತೆರೆದಿತ್ತು. ಉಕ್ಕಿನ ಕ್ರೋಮಿಯಂ ಗಾಳಿಯ ಆಮ್ಲಜನಕ ಹಿಡಿದು ಕಟ್ಟಿಕೊಳ್ಳುವ ತೆಳು ಪೊರೆಯೇ ಈ ಲೋಹದ ಕಾವಲು. ಬ್ಲೀಚಿಂಗ್ ಪುಡಿಯಿಂದ ಬರುವ ಕ್ಲೋರೈಡ್ ಅದನ್ನು ಒಡೆಯುತ್ತದೆ. ವಾಷರ್ ಅಡಿಯ ಸಂದಿಗೆ ಗಾಳಿ ಸಾಲದೆ ಪೊರೆ ಮತ್ತೆ ಕಟ್ಟುವುದಿಲ್ಲ. ಶೇಕಡಾ 2ರಿಂದ 3 ಮಾಲಿಬ್ಡಿನಮ್ ಇರುವ 316 ಹೆಚ್ಚು ತಾಳುತ್ತದೆ. ಅದನ್ನೇ ಹಾಕಿ, ಚೀಲವನ್ನು ಬೇರೆ ಕೋಣೆಗೆ ಸಾಗಿಸಿದೆವು. ಚೀಲ ಅಲ್ಲೇ ಇದ್ದರೆ 316ಕ್ಕೂ ಉಳಿಗಾಲವಿಲ್ಲ.

ಜುಲೈ 19, ಅರಕಲಗೂಡು

ಹೊಗೆಸೊಪ್ಪು ಬೇಯಿಸುವ ಕಾಲ ಶುರುವಾಗಿದೆ. ಬ್ಯಾರನ್ನಿನ ಹೊಗೆಕೊಳವೆಯ ಪಟ್ಟಿಗೆ ಎಸ್.ಎಸ್. ಬೋಲ್ಟು ಹಾಕಿ ಮನೆಯ ಹುಡುಗ ಕರೆಂಟ್ ಮಿಷನ್ನಿನಲ್ಲಿ ಸರ್ರನೆ ತಿರುಗಿಸಿದ್ದಾನೆ. ನಟ್ಟು ಅರ್ಧದಲ್ಲೇ ಕಚ್ಚಿಕೊಂಡಿದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಉಜ್ಜಾಟಕ್ಕೆ ಪೊರೆ ಕಿತ್ತು, ಬರಿ ಲೋಹಕ್ಕೆ ಬರಿ ಲೋಹ ಬೆಸೆದುಕೊಳ್ಳುತ್ತದೆ. ಇದು ಗಾಲಿಂಗ್, ಎಸ್.ಎಸ್.ಗೆ ಹುಟ್ಟುಗುಣ. ಕೊನೆಗೆ ಗ್ರೈಂಡರಿನಲ್ಲಿ ಕತ್ತರಿಸಿದೆವು. ಹೊಸದರ ಥ್ರೆಡ್ ಒರೆಸಿ, ನಿಕ್ಕಲ್ ಪೇಸ್ಟ್ ಹಚ್ಚಿ, ಕೈಯಲ್ಲೇ ನಿಧಾನ ಬಿಗಿಸಲು ಹುಡುಗನಿಗೆ ತೋರಿಸಿದೆ. ಮಾಮೂಲಿ ಗ್ರೀಸು ಆ ಕಾವಿಗೆ ಸುಟ್ಟುಹೋಗುತ್ತದೆ.

ಆಗಸ್ಟ್ 2, ಚನ್ನರಾಯಪಟ್ಟಣ

ತೆಂಗಿನ ತೋಟದಲ್ಲಿ ಸೋಲಾರ್ ಪಂಪ್‌ಸೆಟ್ಟಿನ ಕೆಲಸ. ಅಗಲವಾದ ಅಲ್ಯೂಮಿನಿಯಂ ಪಟ್ಟಿಗೆ ಪುಟ್ಟ ಎಸ್.ಎಸ್. ಬೋಲ್ಟು ಹೊಂದುತ್ತದೆ, ನೀರು ನಿಲ್ಲದಿದ್ದರೆ ಆಯಿತು. ತಿರುಗುಮುರುಗಾದರೆ ಕೇಡು: ಅದೇ ತೋಟದ ಎಸ್.ಎಸ್. ತೊಟ್ಟಿಗೆ ಯಾರೋ ಹೊಡೆದಿದ್ದ ಜಿ.ಐ. ಸ್ಕ್ರೂಗಳು ಸವೆದು ಕಡ್ಡಿಯಾಗಿವೆ. ಎರಡು ಲೋಹ ಒದ್ದೆಯಲ್ಲಿ ಕೂಡಿದರೆ ಹೆಚ್ಚು ಕ್ರಿಯಾಶೀಲವಾದದ್ದು ಸವೆಯುತ್ತದೆ, ಅದೂ ಚಿಕ್ಕದಾಗಿದ್ದರೆ ಬೇಗ.

ಯಜಮಾನರು, "ಯಾವತ್ತೂ ಬಿಚ್ಚಕ್ಕಾಗದ ಹಂಗೆ ಬಿಗೀರಿ" ಅಂದರು. ನಾನು ಒಪ್ಪಲಿಲ್ಲ. ಪ್ಯಾನೆಲ್ ಇಪ್ಪತ್ತೈದು ವರ್ಷ ಇರಬೇಕಾದ್ದು. ನಡುವೆ ಒಂದು ಒಡೆಯಬಹುದು, ಗಾಳಿಗೆ ಪಟ್ಟಿ ಬಾಗಬಹುದು. ಬಿಚ್ಚಲು ಬರುವವನು ನಾನೇ ಆಗಿರಬೇಕೆಂದಿಲ್ಲ. ಹಿಡಿದಿಡುವಷ್ಟೇ, ಬೇಕಾದಾಗ ಬಿಟ್ಟುಕೊಡುವುದೂ ಬೋಲ್ಟಿನ ಕೆಲಸ. ಥ್ರೆಡ್ಡಿಗೆ ಪೇಸ್ಟ್ ಹಚ್ಚಿ, ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬೋಲ್ಟಿನ ದರ್ಜೆ, ಅಳತೆ, ಸ್ಪಾನರ್ ನಂಬರು ಬರೆದೆ. ಇನ್ನು ಎಲ್ಲ ಕೆಲಸದಲ್ಲೂ ಹೀಗೇ ಬರೆದಿಡುತ್ತೇನೆ.