ಬಳಗದವರಲ್ಲದ ಒಬ್ಬರು

‘ಇವನ್ನ ಧಾರವಾಡಕ್ಕ ಕಳಸಬೇಕಾಗತೈತಿ ನೋಡ’ ಎಂಬ ಮಾತನ್ನು ಕೇಳದೆ ಹುಬ್ಬಳ್ಳಿಯಲ್ಲಿ ದೊಡ್ಡವರಾದವರು ಕಡಿಮೆ. ಧಾರವಾಡವೆಂದರೆ ಪೇಡೆ, ಸಂಗೀತ, ಯುನಿವರ್ಸಿಟಿ. ಆದರೆ ಈ ಮಾತಿನಲ್ಲಿ ಮಾತ್ರ ಅದು 1845ರಲ್ಲಿ ಬ್ರಿಟಿಷರ ಕಾಲಕ್ಕೆ ಶುರುವಾದ ಹುಚ್ಚರ ಆಸ್ಪತ್ರೆ. ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ. ನಿದ್ದೆ ಬಾರದವರು, ಕುಡಿತ ಬಿಡಬೇಕೆಂದವರು, ಪರೀಕ್ಷೆಯ ಭಯಕ್ಕೆ ಕೈ ನಡುಗುವ ಹುಡುಗರು ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಹೆಸರು ಬದಲಾದರೂ ಹಳೆಯ ಬೈಗುಳ ಮಾತ್ರ ಓಣಿಗಳಲ್ಲಿ ಹಾಗೇ ಉಳಿದಿದೆ.

ನಮ್ಮ ಗೋಪನಕೊಪ್ಪ ಕೇಶ್ವಾಪುರಕ್ಕೆ ಅಂಟಿಕೊಂಡ ಹಳ್ಳಿ. ಹುಬ್ಬಳ್ಳಿ ಬೆಳೆಯುತ್ತ ಬಂದು ಅದನ್ನು ಒಳಗೆ ಸೇರಿಸಿಕೊಂಡಿತು. ಹಳೆಯ ಓಣಿಗಳಲ್ಲಿ ಇವತ್ತಿಗೂ ಯಾರ ಮನೆಗೆ ಯಾವ ಬೀಗರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಎಲ್ಲರಿಗೂ ಗೊತ್ತು. ಇದು ನನಗೆ ಇಷ್ಟವಾದ ಸಂಗತಿಯೇ. ಅಪ್ಪ ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ, ಆದರೂ ಊಟಕ್ಕೆ ಕಡಿಮೆಯಾಗಲಿಲ್ಲ. ರೊಟ್ಟಿ, ಪಲ್ಯ, ಅನ್ನ ಯಾರ್ಯಾರ ಮನೆಯಿಂದಲೋ ಬಂದವು.

ತಿಂಗಳುಗಳು ಕಳೆದ ಮೇಲೆ ತೊಂದರೆ ಶುರುವಾಯಿತು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು, ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಇಸಿಜಿ ಆಯಿತು, ಥೈರಾಯ್ಡ್ ಪರೀಕ್ಷೆ ಆಯಿತು, ಎಲ್ಲ ಸರಿಯಾಗಿಯೇ ಇತ್ತು. ನಮ್ಮ ಮನೆ ಡಾಕ್ಟರು ರಿಪೋರ್ಟ್ ಮಡಚಿಟ್ಟು, ‘ಅಕ್ಕಾರ, ಇದು ಗುಳಿಗಿಗೆ ಬಗೆಹರಿಯೂದಲ್ರಿ. ಒಬ್ಬ ಸೈಕಾಲಜಿಸ್ಟ್‌ನ ಭೇಟಿ ಆಗ್ರಿ’ ಅಂದರು. ಅಪ್ಪ ಮೇಷ್ಟ್ರು. ಅವರ ಕಪಾಟಿನಲ್ಲಿ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಇತ್ತು. ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆದ ಆ ಪುಸ್ತಕಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಪುಸ್ತಕವಾಗಿ ಮನೆಯೊಳಗೆ ಅಷ್ಟು ಗೌರವದಿಂದ ಇದ್ದ ವಿಷಯ, ನನ್ನದೇ ಆದಾಗ ಬಾಯಿಬಿಟ್ಟು ಹೇಳಲು ಆಗಲಿಲ್ಲ.

ಸೈಕಾಲಜಿಸ್ಟ್ ಮತ್ತು ಸೈಕಿಯಾಟ್ರಿಸ್ಟ್ ಒಂದೇ ಎಂದು ತಿಳಿದವರು ಬಹಳ ಜನ. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಔಷಧ ಬರೆಯುತ್ತಾರೆ. ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಅವರ ಚಿಕಿತ್ಸೆಯೆಲ್ಲ ಮಾತಿನಲ್ಲಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಇರಬೇಕು. ‘ನಿಮ್ಮ ಆರ್‌ಸಿಐ ನಂಬರ್ ಏನ್ರಿ’ ಎಂದು ಫೋನಿನಲ್ಲಿಯೇ ಕೇಳಬಹುದು, ಅದರಲ್ಲಿ ಅಗೌರವವೇನೂ ಇಲ್ಲ. ನಾನು ಭೇಟಿಗೆಂದು ಫೋನ್ ಮಾಡಿದ ಸೈಕಾಲಜಿಸ್ಟರನ್ನು ಹಾಗೇ ಕೇಳಿದೆ, ಅವರು ತಕ್ಷಣ ಹೇಳಿದರು. ಒಂದು ಸಲಕ್ಕೆ ಸಾವಿರ ರೂಪಾಯಿ, ಐವತ್ತು ನಿಮಿಷ, ಬರಲಾಗದಿದ್ದರೆ ಒಂದು ದಿನ ಮುಂಚೆ ತಿಳಿಸಬೇಕು ಎಂಬುದೂ ಫೋನಿನಲ್ಲಿಯೇ ತೀರ್ಮಾನವಾಯಿತು.

ಅವರ ಕೋಣೆಯಲ್ಲಿ ಮಂಚವಿರಲಿಲ್ಲ. ಸಿನಿಮಾ ನೋಡಿ ನಾವು ಕಲ್ಪಿಸಿಕೊಂಡದ್ದು ಯಾವುದೂ ಇರಲಿಲ್ಲ. ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಡದೆ ಸ್ವಲ್ಪ ಓರೆಯಾಗಿ ಇಟ್ಟಿದ್ದರು, ಹೀಗಾಗಿ ಅವರ ಮುಖ ನೋಡಬೇಕೆಂದರೆ ನೋಡಬಹುದು, ಬೇಡವೆಂದರೆ ಕಿಟಕಿಯ ಕಡೆ ನೋಡುತ್ತ ಮಾತಾಡಬಹುದು. ಗಡಿಯಾರ ನನ್ನ ಬೆನ್ನ ಹಿಂದೆ ಇತ್ತು. ಹೊತ್ತು ನೋಡಿಕೊಳ್ಳುವ ಕೆಲಸ ಅವರದು, ನನ್ನದಲ್ಲ. ಸಹಿಗೆ ಕೊಟ್ಟ ಫಾರ್ಮ್ ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದರು. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ. ನನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದೆ ಎನಿಸಿದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, ನ್ಯಾಯಾಲಯ ಆದೇಶಿಸಿದರೆ ಮಾತ್ರ ಅವರು ಬಾಯಿ ಬಿಡಬೇಕಾಗುತ್ತದೆ. ಗುಟ್ಟು ಕಾಯುವುದು ಅವರ ಒಳ್ಳೆಯತನವಷ್ಟೇ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ನಮ್ಮ ಹಕ್ಕೆಂದೇ ಹೇಳಿದೆ.

‘ಎಲ್ಲಾ ಇವತ್ತ ಹೇಳಬೇಕಂತ ಇಲ್ರಿ. ಎಲ್ಲಿಂದ ಬೇಕಾದ್ರೂ ಶುರು ಮಾಡ್ರಿ’ ಅಂದರು. ಮೊದಲ ದಿನ ಹೆಚ್ಚಾಗಿ ಪ್ರಶ್ನೆಗಳೇ. ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರ್ಯಾರು, ಹಿಂದೆ ಹೀಗಾಗಿತ್ತೇ, ಸಾಯಬೇಕು ಎನಿಸುತ್ತದೆಯೇ. ಈ ಕಡೆಯ ಪ್ರಶ್ನೆಯನ್ನು ಅವರು ದನಿ ಬದಲಿಸದೆ ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಕೇಳಲಾರದ ಪ್ರಶ್ನೆ ಅದು. ಇಲ್ಲ ಎಂದೆ, ಇಲ್ಲ ಎನ್ನುವಾಗಲೇ ಅಳು ಬಂತು.

ಸಲಹೆ ಸಿಗುತ್ತದೆಂದು ಹೋದವರಿಗೆ ಮೊದಮೊದಲು ನಿರಾಸೆಯಾಗುತ್ತದೆ. ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಅವರು ಹೇಳುವುದಿಲ್ಲ. ಇನ್ನೊಂದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು: ಶುರುವಿನ ವಾರಗಳಲ್ಲಿ ಮನಸ್ಸು ಹಗುರಾಗುವ ಬದಲು ಭಾರವಾಗಬಹುದು. ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ತೆಗೆದ ದಿನ ಮನೆಗೆ ಬಂದು ಕುಕ್ಕರ್ ಇಡುವುದಕ್ಕೂ ಕೈ ಏಳುವುದಿಲ್ಲ. ಅದನ್ನೂ ಮುಂದಿನ ವಾರ ಹೋಗಿ ಹೇಳಬೇಕು. ಬಹಳ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನನಗೆ ಸಂಕಟವಾಗುವುದು ಅದಕ್ಕೆ.

ಆಮೇಲೆ ಒಂದು ನೋಟ್‌ಬುಕ್ ಬಂತು. ಏನಾಯಿತು, ಆಗ ತಲೆಯಲ್ಲಿ ಬಂದ ಮಾತು ಯಾವುದು, ನೂರಕ್ಕೆ ಎಷ್ಟು ಭಾರವೆನಿಸಿತು, ಆ ಮಾತಿಗೆ ಪುರಾವೆ ಏನು ಎಂದು ಗೆರೆ ಹೊಡೆದು ಬರೆಯಬೇಕು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆ್ಯರನ್ ಬೆಕ್ ರೂಪಿಸಿದ ಚಿಕಿತ್ಸಾ ಪದ್ಧತಿಯಿಂದ ಬಂದದ್ದು ಇದು. ‘ರಾತ್ರಿ ಫೋನ್ ರಿಂಗಾಯಿತು. ಅಪ್ಪನನ್ನು ಇನ್ನೂ ಬೇಗ ಆಸ್ಪತ್ರೆಗೆ ಒಯ್ಯಬೇಕಿತ್ತು ಎನಿಸಿತು. ತೊಂಬತ್ತು’ ಎಂದು ಬರೆದೆ. ಪುರಾವೆಯ ಮನೆಯಲ್ಲಿ ಬರೆಯುವುದಕ್ಕೆ ಏನೂ ಸಿಗಲಿಲ್ಲ. ಆ ಖಾಲಿ ಮನೆಯನ್ನು ನೋಡುತ್ತ ಕುಳಿತದ್ದೇ ಆ ವಾರ ನಾನು ಮಾಡಿದ ದೊಡ್ಡ ಕೆಲಸ.

ಮೊದಲು ಕೂಡು ಕುಟುಂಬ ಇತ್ತು, ಇಂಥದ್ದೆಲ್ಲ ಬೇಕಿರಲಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಪ್ಪನ ಬಗ್ಗೆ ಅವ್ವನ ಮುಂದೆ ಹೇಗೆ ಹೇಳಲಿ? ಅವಳದೇ ದುಃಖ ಮುಗಿದಿಲ್ಲ. ತಮ್ಮನಿಗೆ ಹೇಳಿದರೆ ತನ್ನ ಮೇಲೆ ತಪ್ಪು ಹೊರಿಸಿದಳು ಎಂದುಕೊಳ್ಳುತ್ತಾನೆ. ಪ್ರೀತಿ ಇರುವ ಕಡೆ ಪ್ರತಿ ಮಾತಿಗೂ ಒಬ್ಬ ವಾರಸುದಾರ ಇರುತ್ತಾನೆ. ನನ್ನ ಮಾತಿನಿಂದ ನೋವಾಗದ, ನನ್ನಿಂದ ಏನನ್ನೂ ಬಯಸದ, ನಾಳೆ ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂರದ ಒಬ್ಬರು ನನಗೆ ಬೇಕಿತ್ತು. ಕೊಟ್ಟ ದುಡ್ಡು ಆ ದೂರಕ್ಕೆ, ಆ ದೂರವನ್ನು ಜವಾಬ್ದಾರಿಯಿಂದ ಕಾಯುವ ವಿದ್ಯೆಗೆ.

ಆದರೆ ವಾರವಾರ ಸಾವಿರ ರೂಪಾಯಿ ಎಲ್ಲರ ಕೈಲಿ ಆಗುವುದಿಲ್ಲ. ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಮಾತಾಡಬಹುದು, ಕನ್ನಡದಲ್ಲಿ ಮಾತಾಡುವವರೂ ಸಿಗುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿಯೂ ಫೀ ಕಡಿಮೆ ಮಾಡುತ್ತೀರಾ ಎಂದು ಕೇಳಲು ನಾಚಬೇಕಿಲ್ಲ, ಕೆಲವರು ಮಾಡುತ್ತಾರೆ.

ಓಣಿಯಲ್ಲಿ ಈಗ ಒಬ್ಬಿಬ್ಬರು ನನ್ನನ್ನು ವಿಚಾರಿಸುತ್ತಾರೆ. ಆರ್‌ಸಿಐ ನಂಬರ್ ಕೇಳಿ, ಫೀ ಕೇಳಿ, ನನ್ನಂಥ ತೊಂದರೆಯವರನ್ನು ನೋಡಿದ್ದೀರಾ ಎಂದು ಕೇಳಿ, ನಮ್ಮ ಮಾತು ಅವರಿಗೆ ತಿಳಿಯುತ್ತದೆಯೇ ನೋಡಿ ಎನ್ನುತ್ತೇನೆ. ಮೂರು ನಾಲ್ಕು ಸಲ ಹೋದ ಮೇಲೂ ಇವರ ಮುಂದೆ ಬಾಯಿ ಬರುತ್ತಿಲ್ಲ ಎನಿಸಿದರೆ ಅದನ್ನು ಅವರಿಗೇ ಹೇಳಿ, ಬೇರೆಯವರ ಹೆಸರನ್ನೂ ಅವರನ್ನೇ ಕೇಳಿ. ಒಳ್ಳೆಯ ಸೈಕಾಲಜಿಸ್ಟ್ ಆದರೆ ಬೇಜಾರು ಮಾಡಿಕೊಳ್ಳದೆ ಹೆಸರು ಬರೆದು ಕೊಡುತ್ತಾರೆ.