ಕಿರುಗುಟ್ಟುವ ಅಲ್ಮಾರಿ, ಹಗಲಿನ ನಿದ್ದೆ

ಅಲ್ಮಾರಿಯ ಬಾಗಿಲು ಕಿರುಗುಟ್ಟಿದರೆ ಅದೇನು ಬರೆಯುವಂಥ ಸಂಗತಿಯೇ ಎಂದು ನೀವು ಕೇಳಬಹುದು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುವ ಮನೆಯಲ್ಲಿ ಅದು ಖಂಡಿತ ಸಂಗತಿಯೇ. ನಮ್ಮ ವಾಡಿಯಲ್ಲಿ ಅಂಥ ಮನೆಗಳು ಬೀದಿ ಬೀದಿಗೂ ಇವೆ. ಸಿಮೆಂಟ್ ಕಾರ್ಖಾನೆಗೆ ಮೂರು ಪಾಳಿ, ನಮ್ಮ ಮನೆಗೆ ಒಂದೇ ಕೋಣೆ. ಅದರಲ್ಲೇ ಮಂಚ, ಮಂಚದ ಪಕ್ಕದಲ್ಲೇ ಅಲ್ಮಾರಿ. ಮಕ್ಕಳ ಸಮವಸ್ತ್ರ, ಮಡಚಿದ ಬಟ್ಟೆ, ರೇಶನ್ ಕಾರ್ಡು, ಔಷಧಿ ಚೀಟಿ ಎಲ್ಲವೂ ಅದರೊಳಗೆ. ದಿನಕ್ಕೆ ಹತ್ತು ಸಲ ತೆಗೆಯದೆ ಗತಿಯಿಲ್ಲ. ಪ್ರತಿ ಸಲವೂ ನನ್ನವರು ಮಗ್ಗುಲು ಬದಲಿಸುತ್ತಿದ್ದರು. ಒಂದು ದಿನವೂ ಬೈದವರಲ್ಲ. ಆದರೆ ನಿದ್ದೆಗೆಟ್ಟ ಕಣ್ಣಿನಲ್ಲಿ ರಾತ್ರಿ ಮತ್ತೆ ಓಡುವ ಯಂತ್ರಗಳ ನಡುವೆ ನಿಲ್ಲಬೇಕಾದವರು ಅವರು. ಟಿಫಿನ್ ಡಬ್ಬಿ ಹಿಡಿದು ಅವರು ಹೊರಟಾಗ ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂಬುದು ಪಾಳಿ ಕೆಲಸದವರ ಮನೆಯ ಹೆಂಗಸರಿಗೆ ಗೊತ್ತು.

ಬಡಿಗನನ್ನು ಕರೆಸಿದರಾಯಿತು ಎನ್ನುತ್ತೀರಿ. ಇಷ್ಟು ಚಿಕ್ಕ ಕೆಲಸಕ್ಕೆ ಆತ ಬರುವುದೇ ಅಪರೂಪ. ಬಂದರೆ ಎರಡು ಹನಿ ಎಣ್ಣೆ ಹಾಕಿದ್ದಕ್ಕೆ ಅರ್ಧ ದಿನದ ಕೂಲಿ. ಇನ್ನು ನಮ್ಮ ಕಡೆಯ ಎಷ್ಟೋ ಮನೆಗಳ ಗಂಡಸರು ದುಡಿಮೆಗೆಂದು ಪುಣೆ, ಮುಂಬಯಿ, ಹೈದರಾಬಾದಿನಲ್ಲಿರುತ್ತಾರೆ. ಈದ್‌ಗೆ ಬಂದಾಗ ಸರಿಮಾಡುತ್ತಾರೆಂದು ಬಾಗಿಲೂ ಕಾಯುತ್ತದೆ, ನಾವೂ ಕಾಯುತ್ತೇವೆ. ಎರಡು ದಿನದ ರಜೆಯಲ್ಲಿ ಬಂದವರು ಬಿಜಾಗರಿ ಬಿಚ್ಚುತ್ತಾ ಕೂರಬೇಕೇ?

ನಮ್ಮಲ್ಲಿ ಬಹಳ ಜನ ಕಿರ್ ಎಂದ ಕೂಡಲೇ ಕೊಬ್ಬರಿ ಎಣ್ಣೆ ಸುರಿಯುತ್ತಾರೆ. ನಾಲ್ಕು ದಿನ ಸುಮ್ಮನಿರುತ್ತದೆ, ಐದನೆಯ ದಿನ ಇನ್ನೂ ಜೋರಾಗಿ ಕೂಗುತ್ತದೆ. ಕಾರಣ ನಮ್ಮ ಧೂಳು. ವಾಡಿಯಲ್ಲಿ ಸಿಮೆಂಟು, ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಪುಡಿ, ಸೇಡಂ ರಸ್ತೆಯಲ್ಲಿ ಲಾರಿ ಎಬ್ಬಿಸುವ ಮಣ್ಣು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಈ ಪುಡಿ ಎಣ್ಣೆಯ ಜೊತೆ ಸೇರಿದರೆ ಚಟ್ನಿಯಂಥ ಮಸಿ ಆಗುತ್ತದೆ. ಬಾಗಿಲು ತಿರುಗಿದಷ್ಟೂ ಅದು ಬಿಜಾಗರಿಯ ಕಡ್ಡಿಯನ್ನು ಅರದಂತೆ ತೇಯುತ್ತದೆ. ಕೊಬ್ಬರಿ ಎಣ್ಣೆಯ ಇನ್ನೊಂದು ಗುಣ ಚಳಿಗಾಲದಲ್ಲಿ ಎಲ್ಲರೂ ನೋಡಿದ್ದೇ: ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾದದ್ದು ಬಿಜಾಗರಿಯಲ್ಲೂ ಗಟ್ಟಿಯಾಗುತ್ತದೆ.

ಆದ್ದರಿಂದ ಮೊದಲು ತೊಳೆಯಬೇಕು, ಎಣ್ಣೆ ಆಮೇಲೆ. ಸದ್ದು ಮಾಡುವ ಬಿಜಾಗರಿ ಯಾವುದೆಂದು ಹುಡುಕಲು ಬಾಗಿಲನ್ನು ನಿಧಾನ ತಿರುಗಿಸುತ್ತಾ ಒಂದೊಂದರ ಮೇಲೂ ಬೆರಳಿಡಿ. ನಡುಗುವುದು ಯಾವುದೋ ಕೂಗುವುದೂ ಅದೇ. ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ, ಕರಿ ಮಸಿ ಬರುವುದು ನಿಲ್ಲುವವರೆಗೆ ತಿಕ್ಕಿ. ಒಲೆ ಆರಿಸಿ, ಕಿಟಕಿ ತೆರೆದು ಈ ಕೆಲಸ ಮಾಡಬೇಕೆಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಚಿಮಣಿ ಎಣ್ಣೆ ಇಲ್ಲದಿದ್ದರೆ ಸಾಬೂನು ನೀರೂ ಆಗುತ್ತದೆ, ಆದರೆ ತೇವ ಪೂರ್ತಿ ಆರಬೇಕು, ಇಲ್ಲವಾದರೆ ತುಕ್ಕು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ, ಎರಡೇ ಹನಿ. ಬಾಗಿಲನ್ನು ಇಪ್ಪತ್ತು ಸಲ ಆಚೀಚೆ ಆಡಿಸಿ, ಹೊರಗೆ ಬಂದ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಒರೆಸದೆ ಬಿಟ್ಟರೆ ಧೂಳಿಗೆ ಆಮಂತ್ರಣ ಕೊಟ್ಟಂತೆ, ಬಿಳಿ ಕುರ್ತಾಕ್ಕೆ ಕಲೆ ಬೇರೆ.

ಮರದ ಬಾಗಿಲಿನ ಬಿಜಾಗರಿಯ ಕಡ್ಡಿ ಹೊರತೆಗೆಯಲು ಬರುವಂತಿದ್ದರೆ ಇನ್ನೂ ಒಳ್ಳೆಯ ಉಪಾಯವಿದೆ. ಬಾಗಿಲ ಕೆಳಗೆ ಮಣೆಯೋ ಪುಸ್ತಕವೋ ಆಸರೆ ಇಟ್ಟು, ಕೆಳಗಿನಿಂದ ಮೊಳೆಯೊಂದನ್ನು ಆನಿಸಿ ಮೆಲ್ಲಗೆ ಬಡಿದರೆ ಕಡ್ಡಿ ಮೇಲೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬಿಜಾಗರಿ, ಇಲ್ಲವಾದರೆ ಬಾಗಿಲು ಕಾಲ ಮೇಲೆ. ಉಸುಕು ಕಾಗದದಿಂದ ತುಕ್ಕು ತೆಗೆದು, ಕಡ್ಡಿಗೆ ಮೇಣದ ಬತ್ತಿ ಚೆನ್ನಾಗಿ ತಿಕ್ಕಿ ಮತ್ತೆ ಸೇರಿಸಿ. ಒಣ ಮೇಣಕ್ಕೆ ಧೂಳು ಎಣ್ಣೆಯಷ್ಟು ಅಂಟುವುದಿಲ್ಲ. ಪೆನ್ಸಿಲಿನ ಸೀಸದ ಪುಡಿಯೂ ಇದೇ ಕೆಲಸ ಮಾಡುತ್ತದೆ. ನಮ್ಮಂಥ ಊರಿಗೆ ನನಗೆ ಹಿಡಿಸಿದ್ದು ಇದೇ.

ಇಷ್ಟೆಲ್ಲ ಮಾಡಿದರೂ ಶಹಾಬಾದಿನಲ್ಲಿರುವ ನನ್ನ ಆಪಾ ಮನೆಯ ಕಬ್ಬಿಣದ ಅಲ್ಮಾರಿ ಸುಮ್ಮನಾಗಲಿಲ್ಲ. ಅಲ್ಲಿ ತಪ್ಪು ಬಿಜಾಗರಿಯದಲ್ಲ, ನೆಲದ್ದು. ಹಳೆಯ ಮನೆಗಳಲ್ಲಿ ಫರಸಿ ಕಲ್ಲು ಒಂದು ಕಡೆ ಕುಸಿಯುತ್ತದೆ. ನಾಲ್ಕು ಕಾಲಿನಲ್ಲಿ ಒಂದು ತೇಲಿದರೆ ಅಲ್ಮಾರಿಯ ಮೈ ತಿರುಚಿಕೊಂಡು ಬಾಗಿಲು ಉಜ್ಜುತ್ತದೆ. ಎರಡೂ ಬಾಗಿಲು ಮುಚ್ಚಿ ಮೇಲಿನ ಅಂಚು ನೋಡಿ: ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಇದೇ ರೋಗ. ಸಾಮಾನು ಇಳಿಸಿ, ಇಬ್ಬರು ಹಿಡಿದು, ತೇಲಿದ ಕಾಲಿನ ಕೆಳಗೆ ಸವೆದ ರಬ್ಬರ್ ಚಪ್ಪಲಿಯ ತುಂಡು ಇಡಿ. ಮಡಚಿದ ಕಾಗದ ತಿಂಗಳಲ್ಲಿ ಅಪ್ಪಚ್ಚಿಯಾಗುತ್ತದೆ.

ನನ್ನ ತವರು ಚಿಂಚೋಳಿಯಲ್ಲಿ ಗೋಡೆಯೊಳಗಿನ ಅಲ್ಮಾರಿಗೆ ಮರದ ಬಾಗಿಲು. ಅದು ಮಳೆಗಾಲದಲ್ಲಿ ಮಾತ್ರ ಕೂಗುತ್ತದೆ, ಮರ ನೀರು ಕುಡಿದು ಉಬ್ಬುವುದರಿಂದ. ಆಗ ರಂದಾ ಹೊಡೆಸಬೇಡಿ, ಬೇಸಿಗೆಗೆ ಮರ ಸೊರಗಿದಾಗ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಉಜ್ಜುವ ಅಂಚಿಗೆ ಒಣ ಸಾಬೂನು ಸವರಿದರೆ ಮಳೆಗಾಲ ಕಳೆಯುತ್ತದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿ ನೀರು ನುಗ್ಗಿದ ಮನೆಗಳ ಮಾತು ಬೇರೆ. ನೆನೆದು ಪದರ ಬಿಟ್ಟ ಪ್ಲೈವುಡ್ಡಿಗೆ ಯಾವ ಮೇಣವೂ ಇಲ್ಲ, ಬಾಗಿಲನ್ನೇ ಬದಲಿಸಬೇಕು.

ನಮ್ಮ ಮನೆಯ ಅಲ್ಮಾರಿ ಈಗ ಸದ್ದಿಲ್ಲದೆ ತೆರೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ಗಂಟೆಯ ಕೆಲಸ. ರಮಝಾನಿನಲ್ಲಿ ಸಹರಿಗೆ ಎದ್ದಾಗ ಮಕ್ಕಳ ನಿದ್ದೆಯೂ ಕೆಡುವುದಿಲ್ಲ. ಈ ಹುರುಪಿನಲ್ಲೇ ಚಿತ್ತಾಪುರಕ್ಕೆ ಹೋದಾಗ ಅತ್ತೆಯ ಅಲ್ಮಾರಿಯ ಮುಂದೆ ಬ್ರಶ್ಶು ಹಿಡಿದು ಕುಳಿತೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು. "ಅದನ್ನ ಮುಟ್ಟಬ್ಯಾಡ ಬೇಟಿ. ಅದು ಕೂಗಿದ್ರೇ ನನಗ ಗೊತ್ತಾಗ್ತದ, ಯಾರು ತೆಗೆದ್ರು ಅಂತ."

ಕಣ್ಣು ಮಂಜಾದವರು, ಮೊಮ್ಮಕ್ಕಳು ತುಂಬಿದ ಮನೆ, ಸೀರೆ ಮಡಿಕೆಯಲ್ಲಿ ನಾಲ್ಕು ಕಾಸು. ಬಿಜಾಗರಿಯನ್ನು ಹಾಗೇ ಬಿಟ್ಟು, ತೇಲಿದ ಕಾಲಿನ ಕೆಳಗೆ ಚಪ್ಪಲಿಯ ತುಂಡೊಂದನ್ನು ಮಾತ್ರ ಇಟ್ಟು ಬಂದೆ.